ಟೇಪಿನ ಇನ್ನೊಂದು ತುದಿ

ಮಾನ್ವಿಯಲ್ಲಿ ನಾನಿದ್ದ ಬಾಡಿಗೆ ಮನೆಯ ಪಕ್ಕದ ಮಾಳಿಗೆ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ಓಣಿಗೆಲ್ಲ ಆಕೆ ದೊಡ್ಡವ್ವ. ಮಕ್ಕಳಿರಲಿಲ್ಲ. ಗಂಡ ಸಾಯುವ ಮುಂಚೆ ಮೃತ್ಯುಪತ್ರ ಬರೆಸಿದ್ದ: ಹೆಂಡತಿ ಬದುಕಿರುವವರೆಗೆ ಆ ಮನೆಯಲ್ಲಿ ಇರಬಹುದು, ಮಾರುವಂತಿಲ್ಲ, ಆಕೆಯ ನಂತರ ಮನೆ ತನ್ನ ತಮ್ಮನ ಮಗನಿಗೆ.

ಆಕೆ ಗೋಡೆಗೆ ಒಂದು ಮೊಳೆ ಹೊಡೆದದ್ದನ್ನು ನಾನು ಕಾಣೆ. ಗಂಡನ ಫೋಟೋ ಕೂಡ ಗೂಡಿನಲ್ಲಿ ಒರಗಿಕೊಂಡೇ ಇತ್ತು. ಕೇಳಿದರೆ, "ನಾ ಇರೋತನಕ ಅಷ್ಟರೀ. ಮಂದಿ ಗ್ವಾಡಿಗೆ ಯಾಕ ತೂತು?" ಎನ್ನುತ್ತಿದ್ದಳು. ಆದರೆ ಮಳೆಗಾಲಕ್ಕೆ ಮುಂಚೆ, ಸೋರದಂತೆ ಮಾಳಿಗೆಗೆ ಸವಳು ಮಣ್ಣು ಹಾಕಿಸಿ, ತಾನೇ ಮೇಲೆ ಹತ್ತಿ ತುಳಿದು ಬರುವುದನ್ನು ಯಾವ ವರ್ಷವೂ ಬಿಡಲಿಲ್ಲ.

ಮೈದುನನ ಮಗ ದೇವದುರ್ಗದಿಂದ ಆಗಾಗ ಹಣ್ಣು ಹಿಡಿದು ಬರುತ್ತಿದ್ದ. "ಆರಾಮ ಅದೀಯೇನು ದೊಡ್ಡವ್ವಾ?" ಎಂದು ಕೇಳಿ, ತಾನೇ ತಲೆ ತಗ್ಗಿಸುತ್ತಿದ್ದ.

"ಇನ್ನೂ ಅದೀನಪ್ಪಾ," ಎನ್ನುತ್ತಿದ್ದಳು ಆಕೆ, ತಪ್ಪು ಮಾಡಿದವಳಂತೆ.

ಒಂದು ಬೇಸಿಗೆಯಲ್ಲಿ ಅವನು ಮನೆ ಅಳೆಯಲು ಟೇಪು ತಂದ. ನಾನು ಹಿಡಿಯಲು ಏಳುವಷ್ಟರಲ್ಲಿ ದೊಡ್ಡವ್ವ ಇನ್ನೊಂದು ತುದಿಯನ್ನು ಗೋಡೆಗೆ ಒತ್ತಿ ನಿಂತಿದ್ದಳು. "ಜಗ್ಗಿ ಹಿಡಿ ತಮ್ಮಾ, ಆಮ್ಯಾಲ ಕಡಿಮಿ ಬೀಳಬಾರದು," ಎಂದಳು. ಪಡಸಾಲೆ ಆಯಿತು, ಅಡುಗೆಮನೆ ಆಯಿತು. ತಾನು ಮಲಗುವ ಮೂಲೆಗೆ ಟೇಪು ಬಂದಾಗ ಹಾಸಿಗೆ ಸುತ್ತಿ ಬದಿಗಿಟ್ಟಳು.

ಅವನು ಹೋದ ಮೇಲೂ ಆ ಹಾಸಿಗೆ ಮೂಲೆಗೆ ಮರಳಲಿಲ್ಲ. ಅಂದಿನಿಂದ ಹೊರಗಿನ ಕಟ್ಟೆಯ ಮೇಲೆಯೇ ಮಲಗತೊಡಗಿದಳು. ಯಾಕೆಂದು ಕೇಳಿದೆ.

"ಒಳಗಿಂದೆಲ್ಲಾ ಅಳತಿ ಆಗೇದರೀ," ಎಂದಳು.