ಪಕ್ಕದ ಗಾಜು

ಎಲ್ಸಿ ಹೋಲ್ಡನ್ ಹದಿನೈದು ತುಂಬುತ್ತಲೇ ಇಂಗ್ಲೆಂಡಿನ ಬರ್ನ್ಲಿ ಊರಿನ ಹತ್ತಿ ಗಿರಣಿ ಸೇರಿದಳು. ಮಗ್ಗಗಳ ಸದ್ದಿನಲ್ಲಿ ಕಿರುಚಿದರೂ ಕೇಳಿಸುತ್ತಿರಲಿಲ್ಲವಾದ್ದರಿಂದ ಹೆಂಗಸರು ತುಟಿಯಾಡಿಸಿಯೇ ಮಾತಾಡುತ್ತಿದ್ದರು. ಯಾರ ಗಂಡ ಕುಡಿದು ಬಂದ, ಯಾರಿಗೆ ತಿಂಗಳು ತಪ್ಪಿದೆ, ಎಲ್ಲ ಸುದ್ದಿಯೂ ಸದ್ದಿಲ್ಲದೆ ಆ ತುದಿಯಿಂದ ಈ ತುದಿಗೆ ಮುಟ್ಟುತ್ತಿತ್ತು. ಪಕ್ಕದ ಮಗ್ಗದ ಮಾರ್ಥಾ ಅವಳ ಜೀವದ ಗೆಳತಿಯಾದದ್ದು ಹಾಗೆ.

ಗಿರಣಿ ಮುಚ್ಚಿತು. ಮಾರ್ಥಾಳ ಕಿವಿಯನ್ನು ಮಗ್ಗದ ಸದ್ದು ತಿಂದಿತ್ತು. ಈಚೆಗೆ ಕಾಲೂ ಸ್ವಾಧೀನ ತಪ್ಪಿತು. ಮಗಳು ಅವಳನ್ನು ಬೆಳಿಗ್ಗೆ ಕಿಟಕಿಯ ಬಳಿ ಕೂರಿಸಿ ಕೆಲಸಕ್ಕೆ ಹೋಗುತ್ತಾಳೆ. ಕಿವಿಯಿಲ್ಲದವಳಿಗೆ ಫೋನಿದ್ದರೂ ಅಷ್ಟೆ. ಅವಳ ಮನೆ ಎದುರು ಸಾಲಿನಲ್ಲಿ, ಏರುಬೀದಿಯಲ್ಲಿ ನಾಲ್ಕು ಮನೆ ಮೇಲೆ. ಎಲ್ಸಿಯ ಸೊಂಟ ಈಗ ಆ ಏರು ಹತ್ತಲು ಬಿಡುವುದಿಲ್ಲ. ಮುಂಕೋಣೆಯ ಚಪ್ಪಟೆ ಕಿಟಕಿಗೆ ಕೆನ್ನೆ ಒತ್ತಿ ನಿಂತರೂ ದಪ್ಪ ಕಲ್ಲುಗೋಡೆ ಅಡ್ಡ ಬರುತ್ತದೆ. ಮಾರ್ಥಾಳ ಕೈ ಕಂಡರೆ ಮುಖ ಕಾಣದು.

ಅಷ್ಟರಲ್ಲಿ ಆ ಕಿಟಕಿಯ ಚೌಕಟ್ಟು ಕೊಳೆಯಿತು. ಎಲ್ಸಿ ಬೇ ಕಿಟಕಿ ಹಾಕಿಸೋಣ ಎಂದಳು. ಅದು ಗೋಡೆಯಿಂದ ಮುಂದಕ್ಕೆ ಚಾಚಿ ಮೂರು ಮುಖ ಮಾಡಿ ನಿಲ್ಲುತ್ತದೆ. ಒಳಗೊಂದು ಕುರ್ಚಿ ಹಾಕಿ ಕೂತರೆ ಪಕ್ಕದ ಗಾಜಿನಲ್ಲಿ ಇಡೀ ಏರು ಕಾಣುತ್ತದೆ. ಅವಳ ಗಂಡ ಕ್ಲಿಫರ್ಡ್ ಬಸ್ಸು ಓಡಿಸಿ ನಿವೃತ್ತನಾದವನು. ಅವನಿಗೆ ಪಕ್ಕದ ಮನೆಯವರಂತೆ ಬೋ ಕಿಟಕಿಯೇ ಬೇಕು. ಐದು ಗಾಜು, ಬಿಲ್ಲಿನಂತೆ ಚೂರೇ ಚೂರು ಬಾಗಿದ್ದು, ಹೂದಾನಿ ಇಡಲು ಸಾಕು, ಕುರ್ಚಿಗೆ ಜಾಗವಿಲ್ಲ.

"ಬೀದಿಯಿಂದ ನೋಡಿದ್ರೆ ಎಷ್ಟು ಚೆಂದ ಕಾಣ್ಸುತ್ತೆ."

"ಬೀದಿಯಿಂದ ನೋಡೋನು ನೀನು. ಐದೂ ಗಾಜು ಒರೆಸೋಳು ನಾನು."

ಕಿಟಕಿ ಕಂಪನಿಯ ಹುಡುಗ, ಗಂಡ ಹೆಂಡತಿ ಇಬ್ಬರೂ ಇರಲೇಬೇಕು ಎಂದು ಮೊದಲೇ ಹೇಳಿದ್ದ. ಬಂದವನು ಮಾತಾಡಿದ್ದೆಲ್ಲ ಕ್ಲಿಫರ್ಡ್ ಜೊತೆ. ಎಲ್ಸಿಯತ್ತ ತಿರುಗಿದ್ದು ಬಿಸ್ಕತ್ತು ತೆಗೆದುಕೊಳ್ಳುವಾಗ ಮಾತ್ರ.

ಗೋಡೆ ನೋಡುತ್ತೇವೆಂದು ಗಂಡಸರಿಬ್ಬರೂ ಹೊರಗೆ ಹೋದರು. ಎಲ್ಸಿ ಒಗೆಯಲು ಜಾಲರಿ ಪರದೆ ಬಿಚ್ಚುತ್ತಿದ್ದಳು. ಅಂಗೈಯಗಲದ ಅಂಗಳದಲ್ಲಿ ಗಂಡ ಕಿಟಕಿಗೆ ಮುಖ ಮಾಡಿ ನಿಂತಿದ್ದ. ಗಾಜು ಮುಚ್ಚಿತ್ತು. ಆದರೆ ತುಟಿ ಕಾಣುತ್ತಿತ್ತು.

"ಈ ಗೋಡೆಗೆ ಬೇ ಕೂರಲ್ಲ ಅಂತ ನೀನೇ ಹೇಳಪ್ಪ. ನನ್ನ ಮಾತು ಕೇಳಲ್ಲ, ನಿನ್ನ ಮಾತಾದ್ರೆ ಕೇಳ್ತಾಳೆ. ಮೂರು ಹೊತ್ತೂ ಅಡುಗೆಮನೆಯಲ್ಲಿರೋಳಿಗೆ ಯಾವ ಕಿಟಕಿಯಾದ್ರೇನು?"

ಹುಡುಗ ನಕ್ಕ. ಎಲ್ಸಿ ಪರದೆ ಮಡಿಸಿಟ್ಟು ಮೇಜಿನ ಬಳಿ ಬಂದು ಕೂತಳು.

ಒಳಗೆ ಬಂದ ಹುಡುಗ ಗಂಟಲು ಸರಿಮಾಡಿಕೊಂಡ. "ಮಿಸೆಸ್ ಹೋಲ್ಡನ್, ಈ ಗೋಡೆಗೆ ಬೇ ಕೂರೋದು ಕಷ್ಟ."

"ನೀವು ಗೋಡೆ ಮುಟ್ಟೇ ಇಲ್ವಲ್ಲ. ನಿಮ್ಮ ಮಾತಾದ್ರೆ ಕೇಳ್ತೀನಿ ಅಂತ ಇವನು ಹೇಳಿದ, ನೀವು ನಕ್ಕಿರಿ."

ಕ್ಲಿಫರ್ಡ್ ಕಿಟಕಿ ನೋಡಿದ, ಹೆಂಡತಿಯನ್ನು ನೋಡಿದ. "ಒಳಗೆ ಹೆಂಗೆ ಕೇಳಿಸ್ತು?"

"ಕೇಳಿಸಲಿಲ್ಲ. ನಾನು ಮಗ್ಗದವಳು, ಕ್ಲಿಫ್. ಮದುವೆಯಾಗಿ ಇಷ್ಟು ವರ್ಷಕ್ಕೆ ಮರೆತುಬಿಟ್ಯಾ?" ಅವಳು ಹುಡುಗನತ್ತ ತಿರುಗಿದಳು. "ಇಬ್ಬರೂ ಇರಬೇಕು ಅಂದ್ರಿ, ಇದೀವಿ. ಈಗ ನನಗೆ ಹೇಳಿ. ಬೇ ಕೂರುತ್ತಾ?"

ಹುಡುಗ ಚಹಾದ ಬಟ್ಟಲಿಗೆ ಹೇಳಿದ: "ಕೂರುತ್ತೆ."

"ಹಾಗಾದ್ರೆ ಅದೇ. ಇಲ್ಲಾಂದ್ರೆ ನನ್ನ ಸಹಿ ಇಲ್ಲ."

ಕ್ಲಿಫರ್ಡ್ ಎರಡು ದಿನ ಮುಖ ಊದಿಸಿಕೊಂಡಿದ್ದ, ಆಮೇಲೆ ತಾನೇ ಹೋಗಿ ಬೇ ಕಿಟಕಿಗೇ ಸಹಿ ಹಾಕಿ ಬಂದ.

ಕಿಟಕಿ ಕೂತ ಮರುಬೆಳಿಗ್ಗೆ ಎಲ್ಸಿ ಪಾತ್ರೆಗಳನ್ನು ಹಾಗೇ ಬಿಟ್ಟು, ಕುರ್ಚಿ ಎಳೆದುಕೊಂಡು ಪಕ್ಕದ ಗಾಜಿನ ಮುಂದೆ ಕೂತಳು. ಏರಿನ ಮೇಲೆ ಮಾರ್ಥಾ ಕನ್ನಡಕ ಸರಿಮಾಡಿಕೊಂಡಳು. ತುಟಿ ಅಗಲವಾಗಿ ಆಡಿತು: ದಪ್ಪಗಾಗಿದ್ದೀಯಲ್ಲೇ.

ನೀನೇನು ಕಡ್ಡಿಯಾ, ಎಂದಳು ಎಲ್ಸಿ, ಸದ್ದಿಲ್ಲದೆ.

"ಎಲ್ಸಿ, ಟೀ ಆಯ್ತಾ?" ಕ್ಲಿಫರ್ಡ್ ಬಾಗಿಲಲ್ಲಿ ಬಂದು ನಿಂತ.

ಅವಳು ಅವನತ್ತ ತಿರುಗಿ ಸದ್ದಿಲ್ಲದೆ ತುಟಿಯಾಡಿಸಿದಳು. ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. ಅಡುಗೆಮನೆಗೆ ಹೋಗಿ ಕೆಟಲಿಗೆ ತಾನೇ ನೀರು ತುಂಬಿಸಿದ.