ಎಡಗೈಯಲ್ಲಿ ಬಡಿದ ರೊಟ್ಟಿ

ನನ್ನ ಮದುವೆ ಗೊತ್ತಾಗಿದ್ದ ವರ್ಷದ ಮಾತು. ನಾನು ಮತ್ತು ಅವ್ವ ಸೀರೆ ತರಲು ರಂಗಂಪೇಟೆಯಿಂದ ಶಹಾಪುರಕ್ಕೆ ಹೋಗಿದ್ದೆವು. ಸೀರೆ ಆರಿಸುವುದು ಬೇಗ ಮುಗಿಯಿತು. ಬಿಸಿಲು ನೆತ್ತಿ ಸುಡುತ್ತಿತ್ತು. ನೆರಳಲ್ಲಿ ಕೂತಂತೆಯೂ ಆಗುತ್ತದೆ ಎಂದು ಅವ್ವನನ್ನು ಟಾಕೀಸಿಗೆ ಎಳೆದುಕೊಂಡು ಹೋದೆ.

ಅದೊಂದು ಸಂಸಾರದ ಸಿನಿಮಾ. ಹಾಡಿಲ್ಲ, ಹೊಡೆದಾಟವಿಲ್ಲ. ಒಲೆಯ ಮೇಲೆ ನೀರು ಕಾಯುವುದನ್ನೂ ಪೂರ್ತಿ ತೋರಿಸಿದರು! ನನಗೆ ತಲೆ ಚಿಟ್ಟು ಹಿಡಿಯಿತು. ಜನ ಆಕಳಿಸುತ್ತ ಒಬ್ಬೊಬ್ಬರೇ ಎದ್ದು ಹೋದರು. ಆದರೆ ಆ ಮನೆಯ ಸೊಸೆಯ ಪಾತ್ರ ಮಾಡಿದಾಕೆ ನಟಿಸುತ್ತಿದ್ದಾಳೆ ಅನ್ನಿಸಲೇ ಇಲ್ಲ. ನಮ್ಮ ಓಣಿಯ ಹೆಣ್ಣುಮಗಳೇ ಒಲೆ ಮುಂದೆ ಕೂತಂತಿತ್ತು.

ಅರ್ಧ ಸಿನಿಮಾ ಕಳೆದ ಮೇಲೆ ಆಕೆ ಇದ್ದಕ್ಕಿದ್ದಂತೆ ಎಡಗೈಯಲ್ಲಿ ರೊಟ್ಟಿ ಬಡಿಯತೊಡಗಿದಳು. ಯಾಕೆಂದು ಸಿನಿಮಾದಲ್ಲಿ ಯಾರೂ ಹೇಳಲಿಲ್ಲ. ಹಿಂದೆ ಕೂತವನೊಬ್ಬ, "ಹೀರೋಯಿನ್ ಎಡಚಿ ಆದಳಲ್ಲೋ!" ಎಂದು ಕೂಗಿದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಅವ್ವ ಪರದೆ ನೋಡುತ್ತಲೇ ಮೆಲ್ಲಗೆ ಅಂದಳು, "ಎಡಚಿ ಅಲ್ಲವಾ. ಬಲಗೈ ಎತ್ತಿದ್ರ ಬಗಲಾಗ ಜಗ್ತದ."

"ನಿನಗ ಹ್ಯಾಂಗ ಗೊತ್ತು?" ಎಂದೆ. "ಸಿನಿಮಾ ನೋಡು" ಎಂದಳು ಅವ್ವ.

ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಡಾಕ್ಟರು, ಆ ಸೊಸೆಯ ಎದೆಯಲ್ಲಿ ಗಡ್ಡೆಯಿದೆ ಎಂದರು. ನಗುತ್ತಿದ್ದ ಟಾಕೀಸು ಗಪ್ಪಾಯಿತು. ನಾನು ತಿರುಗಿ ಅವ್ವನ ಬಲಗೈ ನೋಡಿದೆ. ಕೆಲವು ತಿಂಗಳಿಂದ ಅವ್ವನೂ ಎಡಗೈಯಲ್ಲೇ ರೊಟ್ಟಿ ಬಡಿಯುತ್ತಿದ್ದಳು. ಬಲಗೈ ಸೋತಿದೆ ಅನ್ನುತ್ತಿದ್ದಳು, ವಯಸ್ಸಾಯಿತು ಅಂದುಕೊಂಡಿದ್ದೆವು.

ಹೊರಗೆ ಬಂದು ಗೋಡೆ ಬದಿಗೆ ನಿಲ್ಲಿಸಿ ಕೇಳಿದೆ. "ಯವ್ವಾ, ನಿನಗೂ ಗಡ್ಡಿ ಅದ ಏನು? ಯಾಕ ಹೇಳಲಿಲ್ಲ?"

"ಸಣ್ಣ ಧ್ವನಿಲಿ ಮಾತಾಡು. ತಾಯಿಗಿ ಇಂಥ ಬ್ಯಾನಿ ಅದ ಅಂದ್ರ ಬಂದ ಸಂಬಂಧ ತಿರುಗಿ ಹೋಗ್ತದ. ನಿನ್ನ ಲಗ್ನ ಆಗಲಿ, ಆಮ್ಯಾಲ ತೋರಿಸಿದ್ರಾತು" ಎಂದಳು.

ಮನೆಯವರೆಲ್ಲ ಹಟ ಮಾಡಿ ಕಲಬುರಗಿಗೆ ಕರೆದೊಯ್ದೆವು. "ಬಾಳ ತಡ ಮಾಡೀರಿ" ಎಂದರು ಡಾಕ್ಟರು. ಔಷಧಿ, ಆಪರೇಶನ್ ಎಲ್ಲ ಆಯಿತು, ಗುಣವಾಗಲಿಲ್ಲ. ಹಾಸಿಗೆ ಹಿಡಿದ ಮೇಲೂ ಅವ್ವನದು ಒಂದೇ ಮಾತು, "ಬೀಗರಿಗೆ ತಿಳಿಸಬ್ಯಾಡ್ರಿ." ನಾವು ತಿಳಿಸಲಿಲ್ಲ. ಮದುವೆಗೆ ಮೊದಲೇ ಅವ್ವ ಹೋದಳು.

ಸಾವಿನ ಮನೆಗೆ ಮಾತಾಡಿಸಲು ಬಂದ ನನ್ನ ಭಾವಿ ಅತ್ತೆ ಸುದ್ದಿಯೆಲ್ಲ ಕೇಳಿ ನನ್ನನ್ನು ತಬ್ಬಿಕೊಂಡು ಅತ್ತರು. "ಮೊದಲ ಹೇಳಿದ್ರ ನಾವೇನು ಬ್ಯಾಡ ಅಂತಿದ್ದಿಲ್ಲವಾ. ನಾವೇ ಜೊತಿಗಿ ದವಾಖಾನಿಗಿ ಬರ್ತಿದ್ದೆವು."

ಅವರದು ಸುಳ್ಳು ಮಾತಲ್ಲ. ಈಗ ಅವರ ಮನೆಯಲ್ಲೇ ಸೊಸೆಯಾಗಿ ಇದ್ದೇನೆ, ಮಗಳಂತೆ ನೋಡಿಕೊಳ್ಳುತ್ತಾರೆ. ಅವರು ನನ್ನ ತಟ್ಟೆಗೆ ಬಡಿಸುವಾಗೆಲ್ಲ ಅವ್ವನ ಮೇಲೆ ಸಿಟ್ಟು ಬರುತ್ತದೆ.