ಬೆಟ್ಟಕ್ಕೆ ಬೆನ್ನು ಕೊಟ್ಟ ಹಾಕಿ ತಂಡ

ನಾನು ಸೇರುವ ಹೊತ್ತಿಗೆ ಮಧುಗಿರಿಯ ನಮ್ಮ ಶಾಲೆಯ ಹಾಕಿ ತಂಡಕ್ಕೆ ಮೂರು ವರ್ಷ ವಯಸ್ಸು. ಆ ಮೂರು ವರ್ಷದ ಚರಿತ್ರೆಯನ್ನು ಒಂದೇ ಮಾತಿನಲ್ಲಿ ಮುಗಿಸಬಹುದು: ಸೋತಿದ್ದರು. ಶಿರಾದಲ್ಲಿ ಸೋತಿದ್ದರು, ಪಾವಗಡದಲ್ಲಿ ಸೋತಿದ್ದರು, ಕೊರಟಗೆರೆಯವರು ಜನ ಸಾಲದೆ ಒಂಬತ್ತೇ ಮಂದಿ ಆಡಿದಾಗಲೂ ಸೋತಿದ್ದರು. ವಿಚಿತ್ರವೆಂದರೆ ಮೊದಲರ್ಧದಲ್ಲಿ ನಮ್ಮವರು ಹುಲಿ, ಎರಡನೆಯ ಅರ್ಧದಲ್ಲಿ ಇಲಿ. ಡ್ರಿಲ್ ಮೇಷ್ಟ್ರು ಬಹಳ ಯೋಚಿಸಿ, ನಡುವೆ ಕುಡಿಯುವ ಮಜ್ಜಿಗೆಯದೇ ತಪ್ಪು ಎಂದು ಅದನ್ನು ನಿಲ್ಲಿಸಿದರು. ಆಮೇಲೆ ಬಾಯಾರಿಕೊಂಡು ಸೋತೆವು.

ಅದು ಎರಡನೆಯ ಮಹಾಯುದ್ಧದ ಕಾಲ. ಅಂಗಡಿಯಿಂದ ತಂದ ಕೋಲುಗಳು ನಾಲ್ಕೇ. ಉಳಿದವನ್ನು ಬಡಗಿಯೊಬ್ಬರು ಬಾಗಿದ ಹುಣಸೆ ಕೊಂಬೆ ಹುಡುಕಿ ಕೆತ್ತಿಕೊಟ್ಟಿದ್ದರು. ಹಿಡಿಗೆ ಸುತ್ತಿದ್ದು ನಮ್ಮಪ್ಪನ ಜವಳಿ ಅಂಗಡಿಯ ಚೂರು ಬಟ್ಟೆ. ಚೆಂಡು ಮಾತ್ರ ಒಂದೇ ಒಂದು. ಅದು ಕಳೆದರೆ ಇನ್ನೊಂದು ಸಿಗುವ ಭರವಸೆ ಇರಲಿಲ್ಲ.

ನಮ್ಮ ಮೈದಾನ ಬೆಟ್ಟದ ಬುಡದಲ್ಲಿತ್ತು. ಬೆಟ್ಟದ ಕಡೆಗೆ ಆಳೆತ್ತರದ ಮುಳ್ಳುಕಳ್ಳಿ. ಅದರೊಳಗೆ ಹೋದ ಚೆಂಡು ಹೋದ ಹಾಗೆಯೇ ಎಂದು ಎಲ್ಲರ ನಂಬಿಕೆ. ಆದ್ದರಿಂದ ಆ ಕಡೆ ಗೋಲನ್ನೇ ಇಟ್ಟಿರಲಿಲ್ಲ. ಊರ ಕಡೆಗೆ ಎರಡು ಕಲ್ಲು ನೆಟ್ಟು, ಅರ್ಧ ಹುಡುಗರು ಅದನ್ನು ಕಾಯುವುದು, ಉಳಿದರ್ಧ ಅದಕ್ಕೆ ಹೊಡೆಯುವುದು. "ಬೆಟ್ಟಕ್ಕೆ ಬೆನ್ನು ಕೊಟ್ಟು ಹೊಡೀರ್ಲಾ. ಕಳ್ಳಿ ಕಡೆ ಹೊಡೆದೋನ್ನ ಸುಮ್ಕೆ ಬುಡಾಕಿಲ್ಲ" ಎಂದು ಮೇಷ್ಟ್ರು ದಿನಾ ಹೇಳುತ್ತಿದ್ದರು. ಈ ಒಂದು ಪಾಠವನ್ನು ನಾವು ಮಗ್ಗಿಗಿಂತ ಚೆನ್ನಾಗಿ ಕಲಿತಿದ್ದೆವು.

ಆ ವರ್ಷ ಹೆಡ್ಮಾಸ್ಟರು ನಮ್ಮನ್ನು ಸಾಲಾಗಿ ನಿಲ್ಲಿಸಿ, "ಈ ಸಲ ಶಿರಾದಲ್ಲಿ ಸೋತು ಬಂದರೆ ಕೋಲುಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕ್ತೀನಿ" ಎಂದರು. ತಂಡ ಮುಚ್ಚಿದರೆ ಸಂಜೆಯೆಲ್ಲ ಅಂಗಡಿಯಲ್ಲಿ ಕೂತು ಪಂಚೆ ಅಳೆಯಬೇಕೆಂದು ಅಪ್ಪ ಮೊದಲೇ ತೀರ್ಮಾನಿಸಿದ್ದರು. ನನಗೆ ಲೆಕ್ಕ ಬರುತ್ತಿರಲಿಲ್ಲ, ಹಾಡು ಬರುತ್ತಿರಲಿಲ್ಲ. ಓಡುವುದೊಂದು ಬರುತ್ತಿತ್ತು.

ಪೆಟ್ರೋಲು ಸಿಗದ ಕಾಲವಾದ್ದರಿಂದ ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸಿನಲ್ಲಿ ಹೊರಟೆವು. ಏರು ಬಂದಲ್ಲೆಲ್ಲ ಇಳಿದು ತಳ್ಳಿದೆವು. ಶಿರಾದ ಮೈದಾನದಲ್ಲಿ ಬೆಟ್ಟವಿಲ್ಲ; ಒಂದು ಗೋಲಿನ ಹಿಂದೆ ಕೆರೆಯ ಏರಿ ಇತ್ತು. ನಮ್ಮ ಕ್ಯಾಪ್ಟನ್ ಟಾಸ್ ಗೆದ್ದು, ಎಂದಿನಂತೆ ಎತ್ತರವಾದದ್ದು ನಮ್ಮ ಬೆನ್ನಿಗಿರಲಿ ಎಂದು ಏರಿಯ ಕಡೆ ಆರಿಸಿಕೊಂಡ. ಮೊದಲರ್ಧದಲ್ಲಿ ಒಂದು ಗೋಲು ಹೊಡೆದೆವು. ಕಡೆ ಬದಲಾಯಿತು. ಸ್ವಲ್ಪ ಹೊತ್ತಿಗೆ ಅವರೂ ಒಂದು ಹೊಡೆದರು.

ಆಟ ಮುಗಿಯಲು ಐದು ನಿಮಿಷವಿರಬಹುದು, ಚೆಂಡು ನನ್ನ ಕೋಲಿಗೆ ಸಿಕ್ಕಿತು. ತಲೆಯೆತ್ತಿದೆ, ಎದುರಿಗೆ ಏರಿ. ಯೋಚನೆಯೇ ಇಲ್ಲದೆ ಏರಿಗೆ ಬೆನ್ನು ತಿರುಗಿಸಿ ಓಡತೊಡಗಿದೆ. ಯಾರೂ ಅಡ್ಡ ಬರಲಿಲ್ಲ. ನನ್ನ ಆಟಕ್ಕೆ ಹೆದರಿದರು ಎಂದುಕೊಂಡೆ. ಶಿರಾದ ಹುಡುಗನೊಬ್ಬ, ಅವರ ಕ್ಯಾಪ್ಟನ್ನೇ, ಪಕ್ಕದಲ್ಲೇ ಓಡಿ ಬರುತ್ತಿದ್ದ. ಬೀಸಿ ಹೊಡೆದೆ. ಚೆಂಡು ಗೋಲು ಕಾಯುತ್ತಿದ್ದವನ ಕಾಲುಗಳ ಸಂದಿಯಲ್ಲಿ ಒಳಗೆ ಹೋಯಿತು. ನಮ್ಮವರೆಲ್ಲ ಕೋಲೆತ್ತಿ ಕುಣಿದರು, ಮೇಷ್ಟ್ರು ರುಮಾಲನ್ನೇ ಎಸೆದರು. ಶಿರಾದವರೂ ಕುಣಿಯುತ್ತಿದ್ದುದನ್ನು ಕಂಡಾಗ ನನಗೆ ಅನುಮಾನ ಬಂತು.

ಕಡೆ ಬದಲಾದದ್ದನ್ನು ಮರೆತೇಬಿಟ್ಟಿದ್ದೆ. ಗೋಲು ಕಾಯುತ್ತಿದ್ದವನು ನಮ್ಮವನೇ. "ಏನ್ಲಾ ಇದು, ನಂಗ್ಯಾಕ್ಲಾ ಹೊಡ್ದೆ?" ಎಂದು ಅಳುವ ಹಾಗಿದ್ದ.

ನೆಲ ಬಾಯಿಬಿಟ್ಟಿದ್ದರೆ ನುಂಗಿಸಿಕೊಳ್ಳುತ್ತಿದ್ದೆ. ಕಣ್ಣ ಮುಂದೆ ಬೀರು, ಬೀಗ, ಪಂಚೆಯ ರಾಶಿ. ಆಗ ಪಂದ್ಯ ನಡೆಸುತ್ತಿದ್ದ ಶಿರಾದ ಮೇಷ್ಟ್ರು ಸೀಟಿ ಊದಿ ತಮ್ಮ ಕ್ಯಾಪ್ಟನ್ನನ್ನು ಕರೆದರು. ಹಾಕಿಯಲ್ಲಿ ಎದುರು ತಂಡದವರ ಕೋಲು ತಾಗದೆ ಒಳಗೆ ಹೋದದ್ದು ಗೋಲಲ್ಲವಂತೆ. "ನಿನ್ನ ಕೋಲು ತಾಗ್ತೇನೋ?" ಎಂದು ಕೇಳಿದರು. ಅವನು ನನ್ನ ಪಕ್ಕದಲ್ಲೇ ಓಡಿದ್ದ; ಹೂಂ ಎಂದಿದ್ದರೆ ಯಾರೂ ಅಲ್ಲವೆನ್ನುತ್ತಿರಲಿಲ್ಲ.

"ಇಲ್ಲ ಸಾಬ್, ತಾಗಿಲ್ಲ. ಎಲ್ಲಾ ಇವನ್ದೇ ಮೆಹನತ್ತು, ಇವನೊಬ್ನೇ ಹೊಡ್ದಿದ್ದು" ಎಂದ.

ಆಟ ಒಂದಕ್ಕೊಂದು ಸಮವಾಗಿ ಮುಗಿಯಿತು. ಬಸ್ಸಿನಲ್ಲಿ ಡ್ರಿಲ್ ಮೇಷ್ಟ್ರು, "ಸೋಲಲಿಲ್ಲ ಅಂತ ಮಾತ್ರ ಹೇಳಾನ ಕಣ್ರೋ" ಎಂದರು. ನನಗೆ ಸಂಕಟ ತಡೆಯಲಿಲ್ಲ. ಆ ಹುಡುಗ ನಿಜ ಹೇಳಿ ಗೆಲುವು ಬಿಟ್ಟಿದ್ದ, ನಾನು ಬಾಯಿ ಮುಚ್ಚಿಕೊಂಡು ಕೂರುವುದೇ? ಮರುದಿನ ಹೆಡ್ಮಾಸ್ಟರ ಮುಂದೆ ಎಲ್ಲ ಒಪ್ಪಿಸಿದೆ. ಕೊನೆಗೆ, "ಅಲ್ಲಿ ಬೆಟ್ಟ ಇರಲಿಲ್ಲ ಸಾರ್" ಎಂದೆ.

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದು ಗದರಿದರು. ಆದರೂ ಎದ್ದು ಮೈದಾನಕ್ಕೆ ಬಂದರು. ಒಂದೇ ಗೋಲನ್ನು ನೋಡಿದರು, ಕಳ್ಳಿಯನ್ನು ನೋಡಿದರು. "ಎಲ್ಲಿ, ಆ ಕಡೆ ಹೊಡಿ" ಎಂದರು. ನಾನು ಹೊಡೆಯಲಿಲ್ಲ. ಯಾರೂ ಮುಂದೆ ಬರಲಿಲ್ಲ. ಅವರೇ ಕೋಲು ಕಿತ್ತುಕೊಂಡು ಬೀಸಿದರು. ನಮ್ಮ ಒಂದೇ ಒಂದು ಚೆಂಡು ನೆಟ್ಟಗೆ ಕಳ್ಳಿಯೊಳಗೆ ಹೋಯಿತು.

ಹೆಡ್ಮಾಸ್ಟರು ಕೋಟು ಕಳಚಿ ನನ್ನ ಕೈಗಿತ್ತು, ಪಂಚೆ ಎತ್ತಿ ಕಟ್ಟಿ, ಮುಳ್ಳಿಗೆ ನುಗ್ಗಿದರು. ಹಿಂದೆಯೇ ಡ್ರಿಲ್ ಮೇಷ್ಟ್ರು, ಹಿಂದೆಯೇ ನಾವು. ಅರ್ಧ ಗಂಟೆಯಲ್ಲಿ ಚೆಂಡು ಸಿಕ್ಕಿತು. ಅಷ್ಟಕ್ಕೆ ಹೆದರಿ ಮೂರು ವರ್ಷ ಸೋತಿದ್ದೆವಲ್ಲ ಎಂದು ನನಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು. ಹೆಡ್ಮಾಸ್ಟರು ಹರಿದ ಪಂಚೆಯಲ್ಲಿ ಹೊರಗೆ ಬಂದು, "ನಾಳೆ ಆ ಕಡೆನೂ ಎರಡು ಕಲ್ಲು ನೆಡಿ" ಎಂದರು. ಬೀರುವಿನ ಮಾತೆತ್ತಲಿಲ್ಲ.

ಎರಡು ತಿಂಗಳ ಮೇಲೆ ಶಿರಾದವರು ನಮ್ಮೂರಿಗೆ ಬಂದರು. ಅಷ್ಟರಲ್ಲಿ ಕಳ್ಳಿಯನ್ನು ಮಾರುದ್ದ ಸವರಿದ್ದೆವು. ಅಂದು ಎರಡನೆಯ ಅರ್ಧದಲ್ಲಿ ನಾನು ಬೆಟ್ಟಕ್ಕೆ ಮುಖ ಮಾಡಿಯೇ ಗೋಲು ಹೊಡೆದೆ. ಎಲ್ಲರಿಗಿಂತ ಮೊದಲು ಬಂದು ಬೆನ್ನು ತಟ್ಟಿದವನು ಆ ಶಿರಾದ ಹುಡುಗ.

"ಈಗ ಸರಿ ಕಡೆ ಹೊಡ್ದೆ ನೋಡು ಭಾಯಿ" ಎಂದ.